ಮಹಾಲಿಂಗಪ್ಪನ ಕಿವಿ ಮತ್ತು ಮೂಲೆ ಹರಿದ ಕಾಗದ

ಹತ್ತಿಮತ್ತೂರಿನ ಮಹಾಲಿಂಗಪ್ಪನ ಹತ್ತಿರ ಒಂದು ಸೈಕಲ್ಲಿತ್ತು. ಅದನ್ನು ಅವನು ದಿನಾ ಒರೆಸುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಗಂಟೆ ಬಾರಿಸಿ ನೋಡುತ್ತಿದ್ದ. ಹತ್ತುತ್ತಿರಲಿಲ್ಲ. ಸವಣೂರು ಸಂತೆಗೆ ಹೋಗುವಾಗ ಮೆಣಸಿನಕಾಯಿ ಚೀಲವನ್ನು ಅದರ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಡೆಯುತ್ತಿದ್ದ. ಯಾರಾದರೂ "ಹತ್ರಲಾ ಮಾಲಿಂಗಪ್ಪಾರ" ಅಂದರೆ, "ಚೀಲ ಕುಂತೈತಲ್ಲಪಾ, ನಾ ಎಲ್ಲಿ ಕೂಡ್ಲಿ?" ಅನ್ನುತ್ತಿದ್ದ. ಬರುವಾಗ ಚೀಲ ಖಾಲಿಯಾಗಿರುತ್ತಿತ್ತು. ಆಗ ಚಕ್ರದಲ್ಲಿ ಗಾಳಿ ಕಡಿಮೆ ಇರುತ್ತಿತ್ತು.

ಅವನಿಗೆ ಇನ್ನೊಂದು ಚಾಳಿ ಇತ್ತು. ಕೈಗೆ ಯಾವ ಕಾಗದ ಸಿಕ್ಕರೂ ಅದರ ಮೂಲೆ ಹರಿದು, ಬತ್ತಿಯಂತೆ ಹೊಸೆದು, ಕಿವಿಗೆ ಹಾಕಿ, ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿಸುವುದು. ಕೆಲಸ ಮುಗಿದ ಮೇಲೆ ಆ ಬತ್ತಿಯನ್ನು ಎಸೆಯದೆ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ, ಮತ್ತೆ ಬೇಕಾಗುತ್ತದಲ್ಲ. ಚಾವಡಿಗೆ ಬರುವ ಪತ್ರಿಕೆಗೆ ನಾಲ್ಕೂ ಮೂಲೆ ಇದ್ದದ್ದನ್ನು ಊರಿನವರು ನೋಡಿರಲಿಲ್ಲ. ಯುದ್ಧ ಬಂದು ಸೀಮೆಎಣ್ಣೆ, ಸಕ್ಕರೆ, ಬಟ್ಟೆಯ ಜೊತೆ ಕಾಗದವೂ ತುಟ್ಟಿಯಾದ ಮೇಲೂ ಈ ಚಾಳಿ ನಿಲ್ಲಲಿಲ್ಲ. ಕಿವಿಗೆ ಯುದ್ಧ ಶುರುವಾದದ್ದು ಗೊತ್ತಾಗಬೇಕಲ್ಲ.

ಅವನ ಒಬ್ಬನೇ ಮಗ ಕುಬೇರಪ್ಪ. ಯುದ್ಧದ ನಡುವೆ ಒಂದು ದಿನ ಅವನು ಅಪ್ಪ ಮಲಗಿದ್ದಾಗ ಸೈಕಲ್ ಎತ್ತಿಕೊಂಡು ಹಾನಗಲ್ಲಿಗೆ ನಾಟಕ ನೋಡಲು ಹೋದ. ನಾಟಕ ಚೆನ್ನಾಗಿತ್ತು. ಬರುವಾಗ ರಾಜನ ಪಾರ್ಟಿನ ಹಾಡನ್ನು ಎರಡೂ ಕೈ ಬಿಟ್ಟು ಹಾಡಲು ಹೋಗಿ ಸೈಕಲ್ ಸಮೇತ ಕೆರೆಗೆ ಬಿದ್ದ. ಮಾರನೆಯ ದಿನ ಸೊಟ್ಟಗಾದ ಸೈಕಲ್ಲು ಯಾರದೋ ಚಕ್ಕಡಿಯಲ್ಲಿ ಕುಳಿತು ಊರಿಗೆ ಬಂತು, ಹಿಂದೆ ಕುಬೇರಪ್ಪ ನಡೆದು ಬಂದ.

"ಹೊಡ್ಯಾಕ ಬರದವ್ರು ಸೈಕಲ್ ಮುಟ್ಟಬಾರದು!" ಎಂದು ಮಹಾಲಿಂಗಪ್ಪ ಓಣಿಯೆಲ್ಲ ಕೇಳುವ ಹಾಗೆ ಕೂಗಿದ.

"ನಿನಗರ ಬರ್ತೈತೇನು?" ಅಂದ ಮಗ.

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತನ್ನು ಹೆತ್ತ ಮಗನೇ ಆಡಿಬಿಟ್ಟಿದ್ದ. ಮಹಾಲಿಂಗಪ್ಪನ ಮೀಸೆ ನಡುಗಿತು. "ಈ ಹೊಸ್ತಿಲಾ ತುಳೀಬ್ಯಾಡ ಹೋಗು!" ಅಂದ. ಕುಬೇರಪ್ಪನೂ ಅದೇ ರಕ್ತ. ನೆಟ್ಟಗೆ ಶಿಗ್ಗಾವಿಗೆ ಹೋದ, ಅಲ್ಲಿ ಸಿಪಾಯಿ ಭರ್ತಿ ನಡೆದಿತ್ತು, ಹೆಸರು ಹಚ್ಚಿದ. ಸ್ವಲ್ಪ ದಿನದಲ್ಲೇ ಅವನು ಬರ್ಮಾದ ಕಡೆ ಪಲ್ಟನ್ನಿನ ಲಾರಿ ಓಡಿಸುತ್ತಿದ್ದಾನೆ ಎಂಬ ಸುದ್ದಿ ಬಂತು.

"ಸೈಕಲ್ ಕೆರೀಗೆ ಹಾಕಿದವನ ಕೈಯಾಗ ಲಾರಿ ಕೊಟ್ಟಾರ. ಯುದ್ಧ ಗೆದ್ದಂಗ ಬಿಡು" ಎಂದ ಮಹಾಲಿಂಗಪ್ಪ. ಅಂದವನು ಅಂದು ಊಟ ಮಾಡಲಿಲ್ಲ.

ಮನೆಯಲ್ಲಿ ಯಾರಿಗೂ ಓದು ಬರಹ ಬರುತ್ತಿರಲಿಲ್ಲ. ಮಗನಿಗೆ ಕಾಗದ ಬರೆದುಕೊಡುವವನು, ಬಂದ ಕಾಗದ ಓದಿ ಹೇಳುವವನು ದರ್ಜಿ ಶೇಖಸಾಬ. ಬಟ್ಟೆಯ ಕಂಟ್ರೋಲು ಬಂದ ಮೇಲೆ ಅವನಿಗೆ ಹೊಸದು ಹೊಲಿಯುವ ಕೆಲಸ ಕಡಿಮೆಯಾಗಿ, ಹಳೆಯ ಅಂಗಿಗಳನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಹೊಲಿಯುವ ಕೆಲಸ ಹೆಚ್ಚಾಗಿತ್ತು. ಊರಿನ ಅರ್ಧ ಜನ ಉಲ್ಟಾ ಅಂಗಿಯಲ್ಲಿ ಓಡಾಡುತ್ತಿದ್ದರು. ಮಹಾಲಿಂಗಪ್ಪನ ಹೆಂಡತಿ ನಾಗವ್ವ ಅವನ ಹೊಲಿಗೆ ಮಷೀನಿನ ಪಕ್ಕ ಕುಳಿತು ಹೇಳುವಳು, ಶೇಖಸಾಬ ಬರೆಯುವನು. ಎಮ್ಮೆ ಈದದ್ದು, ಕರುವಿನ ಹಣೆಯ ಮೇಲಿನ ಬಿಳಿ ಮಚ್ಚೆ, ರೇಶನ್ನಿನ ಗೋಧಿಯೊಳಗಿನ ಹುಳ, ಹಿತ್ತಲಿನ ಹೀರೇಬಳ್ಳಿ, ಎಲ್ಲ ಬರುತ್ತಿತ್ತು. ಮಹಾಲಿಂಗಪ್ಪ ಮಾತ್ರ ಒಳಗೆ ಬರದೆ, ರಿಪೇರಿಯಾದ ಸೈಕಲ್ ಹಿಡಿದು ಬಾಗಿಲ ಹೊರಗೆ ನಿಲ್ಲುತ್ತಿದ್ದ.

"ಅಣ್ಣಾ, ನಿಮ್ಮ ಹೆಸರು ಹಾಕ್ಲೇನ್ರಿ?" ಎಂದು ಶೇಖಸಾಬ ಪ್ರತಿ ಸಲವೂ ಕೇಳುತ್ತಿದ್ದ.

"ಬ್ಯಾಡ. ಅವನ ಕಾಗದದಾಗ ನಾ ಇರತೇನೇನು? ಇಲ್ಲ. ಹಂಗಾರ ಈ ಕಾಗದದಾಗೂ ನಾ ಇರಂಗಿಲ್ಲ."

ಅದೂ ನಿಜವೇ. ಕುಬೇರಪ್ಪನ ಕಾಗದಗಳು ಅವ್ವನನ್ನು ಕೇಳುತ್ತಿದ್ದವು, ಎಮ್ಮೆಯನ್ನು ಕೇಳುತ್ತಿದ್ದವು, ಮನೆ ಮುಂದಿನ ಬೇವಿನಮರ ಹೂ ಬಿಟ್ಟಿತೇ ಎಂದು ಕೇಳುತ್ತಿದ್ದವು. ಅಪ್ಪ ಹೇಗಿದ್ದಾನೆ ಎಂದು ಒಮ್ಮೆಯೂ ಕೇಳಲಿಲ್ಲ. ಆದರೂ ಕಾಗದ ಓದುವ ದಿನ ಮಹಾಲಿಂಗಪ್ಪ ತಪ್ಪದೆ ಬಾಗಿಲಲ್ಲಿರುತ್ತಿದ್ದ, ಅದಕ್ಕೂ ಮೊದಲು ಎರಡೂ ಕಿವಿಗಳನ್ನು ಚೊಕ್ಕ ಮಾಡಿಕೊಳ್ಳುತ್ತಿದ್ದ. ತನ್ನ ಹೆಸರು ಬಂದರೆ ಕೇಳದೆ ಹೋಗಬಾರದು ಎಂದು. ಪಾಪ, ಅವನಿಗೆ ಬೇಕಾಗಿದ್ದುದು ಒಂದೇ ಒಂದು ಸಾಲು. ಅದನ್ನು ಬಾಯಿಬಿಟ್ಟು ಹೇಳುವ ಬದಲು ಅವನು ನಾಲಗೆ ಕಚ್ಚಿಕೊಂಡು ಸತ್ತಾನು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಅರಿಷಿಣ ಹಚ್ಚಿದ ಕಾಗದ ಬಂದರೆ ಮದುವೆ. ಮೂಲೆ ಹರಿದ ಕಾಗದ ಬಂದರೆ ಸಾವು. ಮೂಲೆ ಹರಿದದ್ದನ್ನು ಯಾರೂ ಮನೆಯೊಳಗೆ ತರುವುದಿಲ್ಲ, ಹೊಸ್ತಿಲ ಹೊರಗೇ ಓದಿ ಹರಿದುಹಾಕುತ್ತಾರೆ. ಇದು ಓದು ಬಾರದವರಿಗೂ ಗೊತ್ತು. ಮಹಾಲಿಂಗಪ್ಪನಿಗೂ ಗೊತ್ತಿತ್ತು, ಅವನ ಕೈಗೆ ಗೊತ್ತಿರಲಿಲ್ಲ.

ಯುದ್ಧದ ಕೊನೆಯ ಬೇಸಿಗೆಯಲ್ಲಿ ನಾಗವ್ವ ಒಂದು ಉದ್ದನೆಯ ಕಾಗದ ಬರೆಸಿ, ಸವಣೂರಿನ ಟಪಾಲು ಕಚೇರಿಗೆ ಹಾಕಿ ಬರಲು ಗಂಡನ ಕೈಗೆ ಕೊಟ್ಟಳು. ದಾರಿಯಲ್ಲಿ ಒಂದು ಹುಣಸೆಮರದ ನೆರಳಿನಲ್ಲಿ ಅವನಿಗೆ ಕಿವಿ ಕಡಿಯಿತು. ಆಮೇಲೆ ಸವಣೂರಿಗೆ ಹೋಗಿ, ಕಾಗದವನ್ನು ಪಾಕೀಟಿನೊಳಗೆ ಹಾಕಿ, ಅಂಟಿಸಿ, ಡಬ್ಬಿಗೆ ಬಿಟ್ಟು ಬಂದ.

ಮಳೆ ಹಿಡಿದ ಮೇಲೆ ಉತ್ತರ ಬಂತು. ಟಪಾಲಿನ ಶಂಕ್ರಪ್ಪ ಅದನ್ನು ಶೇಖಸಾಬನ ಅಂಗಡಿಯಲ್ಲೇ ಕೊಟ್ಟು, ಸುದ್ದಿ ಕೇಳಲು ತಾನೂ ಅಲ್ಲೇ ಕುಳಿತ. ಕುಬೇರಪ್ಪನ ಕಾಗದಗಳನ್ನು ಬರೆದುಕೊಡುತ್ತಿದ್ದವನು ಅವನ ಲಾರಿಯ ಜೊತೆಗಾರ, ಹಿರೇಕೆರೂರಿನ ಕರಬಸಪ್ಪ. ಶಾಲೆ ಕಲಿತವನು, ಅಕ್ಷರ ಮುತ್ತು. ಶೇಖಸಾಬ ಗಂಟಲು ಸರಿಮಾಡಿಕೊಂಡು ಓದಿದ.

"ಮಾತೋಶ್ರೀ ನಾಗವ್ವನವರ ಪಾದಗಳಿಗೆ ಕುಬೇರಪ್ಪನ ಸಾಷ್ಟಾಂಗ ನಮಸ್ಕಾರ. ನೀವು ಕಳಿಸಿದ ಮೂಲೆ ಹರಿದ ಕಾಗದ ಮುಟ್ಟಿತು. ಎದೆ ಒಡೆಯಿತು."

ಮಷೀನಿನ ಮೇಲಿದ್ದ ಅವನ ಕಾಲು ನಿಂತಿತು. ನಾಗವ್ವ, "ಯಾವ ಮೂಲಿ?" ಅಂದಳು. ಅವನು ಮುಂದೆ ಓದಿದ.

"ಕಾಗದದಲ್ಲಿ ನೀವು ಸಾವಿನ ಸುದ್ದಿ ಬರೆಸಿಲ್ಲ. ದೂರ ಇರುವವನಿಗೆ ಧಕ್ಕೆಯಾಗಬಾರದೆಂದು ಮುಚ್ಚಿಟ್ಟಿದ್ದೀರಿ. ಆದರೆ ಕರಬಸಪ್ಪ ಜಾಣ. ಅವನು ಕಾಗದವನ್ನು ಮತ್ತೆ ಮತ್ತೆ ಓದಿ ಹಾಜರಿ ತೆಗೆದ. ಅವ್ವ ಇದ್ದಾಳೆ. ಎಮ್ಮೆ ಇದೆ. ಕರು ಇದೆ. ಶೇಖಸಾಬ ಕಾಕಾ ಇದ್ದಾನೆ. ಅಪ್ಪ ಇಲ್ಲ. ಹಳೆಯ ಕಾಗದಗಳನ್ನೂ ತೆಗೆದು ನೋಡಿದೆವು. ಅವುಗಳಲ್ಲೂ ಅಪ್ಪನ ಸುದ್ದಿ ಇಲ್ಲ. ಪಾಪ, ಬಹಳ ದಿನ ನರಳಿರಬೇಕು."

ಅಂಗಡಿಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ತೀರಿಹೋದ ಮಹಾಲಿಂಗಪ್ಪ ಕಿವಿಯಲ್ಲಿ ಬತ್ತಿ ಇಟ್ಟುಕೊಂಡು, ಬಾಯಿ ತೆರೆದು ನಿಂತಿದ್ದ.

"ಮುಂದ ಓದು" ಎಂದ ಅವನು.

ಮುಂದೆ ಏನಿತ್ತು ಅನ್ನುತ್ತೀರಿ! ಅಪ್ಪನಂಥ ಅಪ್ಪ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಅಪ್ಪನ ಬೈಗುಳ ಕೇಳದೆ ಈ ಕಿವಿಗಳು ಬತ್ತಿಹೋಗಿವೆ. ಅಪ್ಪ ತಾನು ಹತ್ತದೆ ಮೆಣಸಿನಕಾಯಿಯನ್ನು ಕೂರಿಸಿಕೊಂಡು ನಡೆದದ್ದು ಯಾರಿಗಾಗಿ? ನನಗಾಗಿ. ಅಂಥವನನ್ನು ಓಣಿಯ ಮುಂದೆ ನಗೆಪಾಟಲು ಮಾಡಿದೆನಲ್ಲ, ನನ್ನ ನಾಲಗೆಗೆ ಕೆರ ಬಡಿಯಬೇಕು. ಇಷ್ಟು ಓದುವ ಹೊತ್ತಿಗೆ ಶೇಖಸಾಬನ ಕಣ್ಣಲ್ಲೂ ನೀರು ಬಂತು. ಅವನು ಯಾರದೋ ಉಲ್ಟಾ ಅಂಗಿಯ ತೋಳಿನಿಂದ ಒರೆಸಿಕೊಂಡ. ಟಪಾಲಿನ ಶಂಕ್ರಪ್ಪ ಟೋಪಿ ತೆಗೆದು ಮಹಾಲಿಂಗಪ್ಪನ ಕಡೆ ನೋಡಿ, "ಭಾಳ ಛಲೋ ಮನಷ್ಯಾ ಇದ್ರಿ" ಅಂದ.

"ಅದನ್ನ ಇನ್ನೊಮ್ಮೆ ಓದು. ಹತ್ತು ಹಳ್ಳಿದು" ಎಂದ ಮಹಾಲಿಂಗಪ್ಪ.

ನಾಗವ್ವ ಎದ್ದು ನಿಂತಳು. "ಕೈತುಂಬ ಬಳಿ, ಹಣಿಮ್ಯಾಲೆ ಕುಂಕುಮ, ನಾ ಇಲ್ಲಿ ಮುತ್ತೈದಿ ಕುಂತೇನಿ! ಮೂಲಿ ಹರದಾವ್ರು ಯಾರು?" ಎಂದು ಕೇಳಿದಳು. ಎಲ್ಲರೂ ಬತ್ತಿಯನ್ನೇ ನೋಡಿದರು.

ಅಲ್ಲೇ ನಿಂತು ಅವಳು ಉತ್ತರ ಬರೆಸಿದಳು. ನಿನ್ನ ಅಪ್ಪ ಗಟ್ಟಿಯಾಗಿದ್ದಾನೆ, ಕಲ್ಲು ತಿಂದು ಅರಗಿಸಿಕೊಳ್ಳುತ್ತಾನೆ, ಮೂಲೆ ಹರಿದದ್ದು ಕಿವಿಗೆ. ಮಹಾಲಿಂಗಪ್ಪ ಸವಣೂರಿಗೆ ಹೊರಟ. ಸಂಜೆ ತಿರುಗಿ ಬಂದು, "ಹಾಕಿದೆ" ಅಂದ. ಹಾಕಿದ್ದು ಕೋಟಿನ ಒಳಜೇಬಿಗೆ. ಟಪಾಲು ಡಬ್ಬಿಯ ಮುಂದೆ ನಿಂತಾಗ ಅವನಿಗೆ ಇನ್ನೊಂದು ಕಾಗದ ಕೇಳುವ ಆಸೆಯಾಯಿತು. ಇನ್ನೊಂದೇ. ಆಮೇಲೆ ಬದುಕಿದರಾಯಿತು ಅಂದುಕೊಂಡ.

ಇನ್ನೊಂದು ಬಂತು. ಅಪ್ಪನ ಹೆಸರಿನಲ್ಲಿ ಜಂಗಮರಿಗೆ ಊಟ ಹಾಕಬೇಕೆಂದು ಕುಬೇರಪ್ಪ ಪಲ್ಟನ್ನಿನ ಛಾವಣಿಯೆಲ್ಲ ಹುಡುಕಿದನಂತೆ. ಒಬ್ಬ ಜಂಗಮನೂ ಸಿಗಲಿಲ್ಲ. ಒಬ್ಬ ಸರದಾರ್ಜಿ ಸಿಕ್ಕ. ಗಡ್ಡ ನೋಡಿದರೆ ನಮ್ಮ ಮಠದ ಅಜ್ಜನಂತೆಯೇ ಇದ್ದನಂತೆ, ಅವನನ್ನೇ ಕೂರಿಸಿ ಸಜ್ಜಕ ಬಡಿಸಿದೆ ಎಂದು ಬರೆದಿದ್ದ. ಸರದಾರ್ಜಿ ಹೊಟ್ಟೆ ತುಂಬ ಉಂಡು, ಯಾರಿಗಾಗಿ ಈ ಊಟ ಎಂದು ಕೇಳಿ, ಸೈಕಲ್ಲಿನ ಕಥೆ ಕೇಳಿ, ಗಳಗಳ ಅತ್ತನಂತೆ.

ಮುಂದಿನ ಸಂತೆಯಲ್ಲಿ ಮಹಾಲಿಂಗಪ್ಪನ ಮೆಣಸಿನಕಾಯಿಗೆ ದರ ಎಷ್ಟು ಬಂತು ಎಂದು ಅವನಿಗೇ ನೆನಪಿಲ್ಲ. ಚೀಲ ಬಿಚ್ಚುವ ಮೊದಲೇ, "ನನ್ನ ಸಲವಾಗಿ ಸರದಾರ್ಜಿ ಅತ್ತಾನ, ಗೊತ್ತೇನು?" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಯಾಕೆ ಅತ್ತ ಎಂದು ಕೇಳಿದರೆ, "ನಾ ಸತ್ತಿದ್ನೆಪಾ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ.

ಅಷ್ಟರಲ್ಲಿ ಯುದ್ಧ ಮುಗಿಯಿತು. ಶಾಲೆಯ ಮಕ್ಕಳಿಗೆ ಪೇಢೆ ಹಂಚಿದರು, ಚಾವಡಿಯಲ್ಲಿ ಪತ್ರಿಕೆ ಓದಿದರು. ಊರೆಲ್ಲ ಸಂತೋಷಪಡುತ್ತಿದ್ದಾಗ ಮಹಾಲಿಂಗಪ್ಪ ಒಬ್ಬನೇ ಸಪ್ಪಗೆ ಕುಳಿತಿದ್ದ. ಅದೇ ವಾರ ನಾಗವ್ವ ಒಗೆಯಲು ಕೋಟು ತೆಗೆದಳು. ಒಳಜೇಬಿನಿಂದ ಅವಳು ಬರೆಸಿದ್ದ ಕಾಗದ ಹೊರಗೆ ಬಂತು. ಅಷ್ಟು ದಿನದಲ್ಲಿ ಅದಕ್ಕೆ ಒಂದೂ ಮೂಲೆ ಉಳಿದಿರಲಿಲ್ಲ.

ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈಸಿಕೊಂಡು ಮಹಾಲಿಂಗಪ್ಪ ಶೇಖಸಾಬನ ಅಂಗಡಿಗೆ ಬಂದು, ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಕುಳಿತ. ರಮಜಾನ್ ಹಬ್ಬದ ಹೊಲಿಗೆ, ಶೇಖಸಾಬ ರೋಜಾದ ಉಪವಾಸ ಇದ್ದ, ಗಂಟಲು ಒಣಗಿತ್ತು. ಆದರೂ ಮಷೀನು ನಿಲ್ಲಿಸಿದ.

"ಸಾಬ, ಸತ್ತ ಅಪ್ಪಗ ಎರಡು ಕಾಗದ ಬರದ. ಬದುಕಿದ್ದ ಅಪ್ಪಗ ಒಂದ ಸಾಲು ಬರೀಲಿಲ್ಲ. ಈಗ ಬಂದು ನನ್ನ ನೋಡ್ತಾನಲ್ಲ, ಮತ್ತ ಬಾಯಿ ಮುಚ್ಚತಾನ. ನನಗ ಅಂಜಿಕಿ ಆಗೇತೋ" ಎಂದ ಮಹಾಲಿಂಗಪ್ಪ.

ಅಷ್ಟು ನಿಜವನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. ಶೇಖಸಾಬ ಕಾಗದ ಲೇಖಣಿ ತೆಗೆದುಕೊಂಡ. "ನೀವ ಮೊದಲ ಬರಸ್ರಿ ಅಣ್ಣಾ. ನಿಮ್ಮ ಹೆಸರ್ಲೇ. ನಿಮ್ಮ ಸುದ್ದಿ ಹೇಳ್ರಿ" ಅಂದ.

ಮಹಾಲಿಂಗಪ್ಪ ಹೇಳಿದ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಒಂದು ಸಲ ಶುರುಮಾಡಿದ ಮೇಲೆ ನಿಲ್ಲಲಿಲ್ಲ. ನಾನು ನಿನ್ನ ಅಪ್ಪ, ಬದುಕಿದ್ದೇನೆ. ನನ್ನ ಮೊಣಕಾಲು ನೋಯುತ್ತದೆ. ನನ್ನ ಹಲ್ಲು ಒಂದು ಅಲ್ಲಾಡುತ್ತದೆ. ಸೈಕಲ್ಲಿಗೆ ಹೊಸ ಟಯರು ಯುದ್ಧದಿಂದಾಗಿ ಸಿಗಲಿಲ್ಲ, ಗೋಣಿ ಸುತ್ತಿದ್ದೇನೆ. ನಾನು ನಿನ್ನನ್ನು ಹೊಸ್ತಿಲು ತುಳಿಯಬೇಡ ಅಂದದ್ದು ತಪ್ಪು. ನಾನು ಒಬ್ಬನೇ ಜಗಲಿಯ ಮೇಲೆ ಕುಳಿತು ದಾರಿ ನೋಡುತ್ತೇನೆ. ಕಾಗದ ತುಂಬಿತು. ನಾಗವ್ವ, "ನಿಮ್ಮದು ನೀವ ಬರಸ್ಕೋರಿ" ಎಂದು ಮುನಿಸಿಕೊಂಡು ಮನೆಯಲ್ಲೇ ಉಳಿದಿದ್ದಳು.

ಅವತ್ತು ಅವನು ಓಡುವಂತೆ ಸವಣೂರಿಗೆ ಹೋಗಿ, ನಿಜವಾಗಿಯೂ ಡಬ್ಬಿಗೆ ಹಾಕಿ, ಎದೆ ಹಗುರಾಗಿ ಬಂದ. ಶೇಖಸಾಬ ಅವನನ್ನು ನೋಡಿದವನೇ ಕಿವಿಯ ಕಡೆ ಬೊಟ್ಟು ಮಾಡಿದ. ಕಿವಿಯ ಮೇಲೆ ಹೊಸ ಬತ್ತಿ ಇತ್ತು. ಬಿಚ್ಚಿ ನೋಡಿದರೆ ಶೇಖಸಾಬನದೇ ಮಸಿ.

"ಯಾ ಅಲ್ಲಾ" ಎಂದ ಶೇಖಸಾಬ. ಆಮೇಲೆ ಯೋಚಿಸಿ, "ಇರ್ಲಿ ಬಿಡ್ರಿ. ಬದುಕೇನಿ ಅಂತ ನಾನ ದಪ್ಪ ಅಕ್ಷರದಾಗ ಬರದೇನಿ. ಮೂಲಿ ಹರದ್ರ ಏನಾಕ್ಕೈತಿ?" ಎಂದು ಸಮಾಧಾನ ಮಾಡಿದ.

ಚಳಿಗಾಲ ಬಂತು. ಜೋಳದ ತೆನೆ ಕಟ್ಟಿದ್ದ ಒಂದು ಬೆಳಿಗ್ಗೆ ಮಹಾಲಿಂಗಪ್ಪ ಸೈಕಲ್ ನೂಕಿಕೊಂಡು ಹೊಲದ ಕಡೆ ಹೋಗಿದ್ದಾಗ, ಸವಣೂರಿನ ದಾರಿಯಲ್ಲಿ ಖಾಕಿ ಬಟ್ಟೆಯ ಒಬ್ಬ, ತಲೆಯ ಮೇಲೆ ಟ್ರಂಕು ಹೊತ್ತು ಬರುತ್ತಿದ್ದ. ಇವನನ್ನು ನೋಡಿದವನೇ ಟ್ರಂಕು ಬಿಸಾಕಿ ಓಡಿ ಬಂದು ಕೊರಳಿಗೆ ಬಿದ್ದ.

"ಅಪ್ಪಾ! ಅವ್ವ ಹ್ವಾದ್ಲಲ್ಲಪ್ಪಾ!"

ಮಹಾಲಿಂಗಪ್ಪನ ಕೈಯಿಂದ ಸೈಕಲ್ ಬಿತ್ತು. ಬೆಳಿಗ್ಗೆ ತಾನೇ ರೊಟ್ಟಿ ಕಟ್ಟಿಕೊಟ್ಟು ಬೈದು ಕಳಿಸಿದ್ದಳು. ಇಷ್ಟರಲ್ಲಿ ಯಾವಾಗ ಹೋದಳು? ಪಲ್ಟನ್ನಿನವರಿಗೆ ಸುದ್ದಿ ಬೇಗ ಮುಟ್ಟುತ್ತದೆ ಎಂದು ಅವನು ಕೇಳಿದ್ದ. "ಅಯ್ಯೋ ನಾಗೀ!" ಎಂದು ಅವನೂ ಬಾಯಿ ಬಡಿದುಕೊಂಡ. ಮಗನ ಭುಜದ ಮೇಲೆ ಅಪ್ಪ, ಅಪ್ಪನ ಭುಜದ ಮೇಲೆ ಮಗ, ಹೀಗೆ ಅಳುತ್ತಾ ಇಬ್ಬರೂ ಊರೊಳಗೆ ಬಂದರು. ಏನು ಎತ್ತ ಎಂದು ತಿಳಿಯದೆ ಹತ್ತಾರು ಹೆಂಗಸರು ಹಿಂದೆ ಅಳುತ್ತಾ ಬಂದರು.

ರೊಟ್ಟಿ ಬಡಿಯುತ್ತಿದ್ದ ನಾಗವ್ವ ಗದ್ದಲ ಕೇಳಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡ ಅಳುವುದನ್ನು ಕಂಡು ಅವಳಿಗೂ ಅಳು ಬಂತು.

"ಯಾರ್ ಸತ್ತಾರ‍್ರಿ?"

"ನೀನ" ಎಂದ ಮಹಾಲಿಂಗಪ್ಪ.

ಆಮೇಲೆ ತಿಳಿದದ್ದಿಷ್ಟು. ಮೂಲೆ ಹರಿದ ಎರಡನೆಯ ಕಾಗದ ಮುಟ್ಟಿದಾಗ ಕರಬಸಪ್ಪ ಮತ್ತೆ ಹಾಜರಿ ತೆಗೆದಿದ್ದ. ಅಪ್ಪ ಇದ್ದಾನೆ. ಮೊಣಕಾಲು ಇದೆ, ಹಲ್ಲು ಇದೆ, ಸೈಕಲ್ಲು ಇದೆ. ಅಪ್ಪ ಒಬ್ಬನೇ ಜಗಲಿಯ ಮೇಲೆ ಕೂರುತ್ತಾನೆ. ಅವ್ವ ಇಲ್ಲ. ಮೊದಲ ಸಲ ಲೆಕ್ಕ ಹಾಕುವುದರಲ್ಲಿ ಜೀವವೊಂದು ಅದಲು ಬದಲಾಗಿತ್ತು ಎಂದು ಅವನು ತೀರ್ಮಾನ ಮಾಡಿದ್ದ.

ನಾಗವ್ವ ಮಗನನ್ನು ತಬ್ಬಿಕೊಂಡು, ಅವನ ಖಾಕಿಯ ತುಂಬ ಹಿಟ್ಟು ಮಾಡಿ, ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. "ಕಾಗದದ ತುಂಬ ನಿಮ್ಮ ಹಲ್ಲಿಗೆ ಜಾಗ ಐತಿ, ನನಗ ಇಲ್ಲ?" ಆಮೇಲೆ ಮಗನ ಕಡೆ: "ನಿಮ್ಮಪ್ಪ ಸತ್ತಾಗ ಎರಡು ಕಾಗದ ಬರದಿ. ನಾ ಸತ್ತಾಗ ಒಂದೂ ಇಲ್ಲೇನೋ?"

"ಬರದೇನಬೇ. ಹೊರಡೂದಕ್ಕ ಮೊದಲ ಹಾಕೇನಿ. ನನಗಿಂತ ಹಿಂದ ಉಳದೈತಿ" ಎಂದ ಕುಬೇರಪ್ಪ.

ಅಂದಿನಿಂದ ನಾಗವ್ವ ದಿನವೂ ಶಂಕ್ರಪ್ಪನ ದಾರಿ ಕಾದಳು. ಮಹಾಲಿಂಗಪ್ಪ ಅಂಜಿದ್ದೂ ಸುಳ್ಳಾಗಲಿಲ್ಲ. ಅಳು ಮುಗಿದ ಮೇಲೆ ಅಪ್ಪ ಮಗ ಇಬ್ಬರಿಗೂ ನಾಚಿಕೆ ಬಂತು. ಪಡಸಾಲೆಯ ಒಂದು ಕಂಬಕ್ಕೆ ಇವನು, ಇನ್ನೊಂದಕ್ಕೆ ಅವನು. "ಎಮ್ಮಿ ಮೇವು ತಿಂತೇನು?" ಎಂದು ಮಗ ಅವ್ವನನ್ನು ಕೇಳುತ್ತಿದ್ದ. "ತಿಂದೈತಿ ಅಂತ ಹೇಳು" ಎಂದು ಅಪ್ಪ ಅವಳಿಗೇ ಹೇಳುತ್ತಿದ್ದ. ಸತ್ತೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಹಾಲಿಂಗಪ್ಪನಿಗೆ ಅನಿಸಿತು.

ಕಾಗದ ಬಂತು. ನಾಗವ್ವ ಹೊಸ ಕುಪ್ಪಸ ತೊಟ್ಟು ಅಂಗಡಿಗೆ ಬಂದಳು, ಕುಬೇರಪ್ಪನೂ ಬಂದ, ಓಣಿಯೂ ಬಂತು. ಶಂಕ್ರಪ್ಪ ಪಾಕೀಟು ನೋಡಿ, "ಇದು ನಿಮಗಲ್ಲಬೇ. ಮಾಲಿಂಗಪ್ಪಾರಿಗೆ ಐತಿ" ಅಂದ.

"ನನಗ?" ಎಂದ ಬಾಗಿಲಲ್ಲಿದ್ದ ಮಹಾಲಿಂಗಪ್ಪ. ಹುಟ್ಟಿದಾರಭ್ಯ ಅವನ ಹೆಸರಿಗೆ ಒಂದು ಕಾಗದ ಬಂದಿರಲಿಲ್ಲ.

"ತೀರ್ಥರೂಪ ಅಪ್ಪನಿಗೆ" ಎಂದು ಶೇಖಸಾಬ ಓದಿದ. ಮೊದಲು ನಾಗವ್ವನ ಗುಣಗಾನ ಇತ್ತು. ಅವಳ ರೊಟ್ಟಿ, ಅವಳ ಕೈರುಚಿ, ಅವಳ ಸಹನೆ. ಸಹನೆಯ ಮಾತು ಬಂದಾಗ ಮಹಾಲಿಂಗಪ್ಪ ಕೆಮ್ಮಿದ, ನಾಗವ್ವ ದುರುಗುಟ್ಟಿ ನೋಡಿದಳು. ಆಮೇಲೆ ಶೇಖಸಾಬನ ದನಿ ಸ್ವಲ್ಪ ಇಳಿಯಿತು.

"ಅಪ್ಪಾ, ಅವ್ವ ಹೋದಳೆಂದು ಅತ್ತೆ, ನೀನು ಇದ್ದೀಯೆಂದು ನಕ್ಕೆ. ನೋಡಿದವರು ಹುಚ್ಚು ಅಂದರು. ನೀನು ಸತ್ತಾಗ ಬರೆದದ್ದೆಲ್ಲ ನೀನು ಬದುಕಿದ್ದಾಗಲೂ ನಿಜವೇ. ಎದುರಿಗೆ ಬಂದರೆ ನನಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲ, ನೀನು ನನ್ನನ್ನು ಹಾಗೆಯೇ ಬೆಳೆಸಿದ್ದೀ. ಅದಕ್ಕೆ ಈಗಲೇ ಬರೆಸುತ್ತಿದ್ದೇನೆ. ನಾನು ಬಂದ ಮೇಲೆ, ಬೆಳಗಿನ ಜಾವ, ಯಾರೂ ಇಲ್ಲದಾಗ, ಊರ ಹೊರಗೆ ನಿನಗೆ ಸೈಕಲ್ ಹೊಡೆಯಲು ಕಲಿಸುತ್ತೇನೆ. ನಾನು ಹಿಂದಿನಿಂದ ಹಿಡಿದುಕೊಂಡಿರುತ್ತೇನೆ, ಬಿಡುವುದಿಲ್ಲ. ಈ ಮಾತು ನಮ್ಮಿಬ್ಬರಲ್ಲೇ ಇರಲಿ."

ಓಣಿಯೆಲ್ಲ ಕೇಳಿತು. ಅಂಗಡಿಯ ತಗಡು ಅದುರುವಂತೆ ಎಲ್ಲರೂ ನಕ್ಕರು. ಕುಬೇರಪ್ಪನ ಮುಖ ಕೆಂಪಾಯಿತು. ಮಹಾಲಿಂಗಪ್ಪನೂ ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಯಾರು ನೋಡಿದರೂ ಅವನಿಗೆ ಪರಿವೆ ಇರಲಿಲ್ಲ.

"ಕಾಗದಾ ಕೊಡು" ಎಂದ. ಅಭ್ಯಾಸದ ಮೇಲೆ ಅವನ ಹೆಬ್ಬೆರಳು ತೋರುಬೆರಳು ಮೂಲೆಗೆ ಹೋದವು. ನಾಗವ್ವ, ಶೇಖಸಾಬ, ಶಂಕ್ರಪ್ಪ ಎಲ್ಲರೂ ಒಟ್ಟಿಗೆ "ಏಯ್!" ಅಂದರು. ಅವನು ಬೆರಳು ತೆಗೆದು, ಕಾಗದವನ್ನು ಮಡಚಿ, ಒಳಜೇಬಿನಲ್ಲಿಟ್ಟು ಗುಂಡಿ ಹಾಕಿದ.

ಮನೆಯ ಕಡೆ ಸೈಕಲ್ಲಿನ ಒಂದು ಹ್ಯಾಂಡಲ್ ಅವನು ಹಿಡಿದ, ಇನ್ನೊಂದನ್ನು ಕುಬೇರಪ್ಪ ಹಿಡಿದ.

"ನಾಳೆ ಎಷ್ಟೊತ್ತಿಗೆ ಏಳೂಣೋ?" ಎಂದು ಮಹಾಲಿಂಗಪ್ಪ ಮಗನನ್ನೇ ನೇರವಾಗಿ ಕೇಳಿದ.

"ಕೋಳಿ ಕೂಗೂದಕ್ಕ, ಅಪ್ಪಾ" ಎಂದ ಕುಬೇರಪ್ಪ.

ದಾರಿಯುದ್ದಕ್ಕೂ ಮಹಾಲಿಂಗಪ್ಪನ ಕಿವಿ ಕಡಿಯುತ್ತಲೇ ಇತ್ತು. ಅವನು ತಡೆದುಕೊಂಡ.